ಶಿಕ್ಷೆಯಲ್ಲಿ ವಿಚಾರಣಾ ಬಂಧನದ ಅವಧಿಯ ವಜಾ

ತೀರ್ಪಿಗೆ ಮುಂಚೆ ಆರೋಪಿಯು ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳನ್ನು, ಅಪರಾಧ ಸಾಬೀತಾದ ಮೇಲೆ ವಿಧಿಸಿದ ಸೆರೆವಾಸದಿಂದ ಕಳೆಯುವ ಕಾನೂನಿನ ವ್ಯವಸ್ಥೆ. ವಕೀಲರ ಮಾತಿನಲ್ಲಿ ಇದು ‘ಸೆಟ್ ಆಫ್’. ಭಾರತದಲ್ಲಿ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468ನೆಯ ಕಲಮಿನಲ್ಲಿದೆ. ಅದಕ್ಕೆ ಮುಂಚೆ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಕಲಮಿನಲ್ಲಿತ್ತು.

1898ರ ಹಳೆಯ ಸಂಹಿತೆಯಲ್ಲಿ ಇಂಥ ಕಲಮೇ ಇರಲಿಲ್ಲ. ಜಾಮೀನಿಗೆ ಗತಿಯಿಲ್ಲದ ಬಡವ ವಿಚಾರಣೆ ಮುಗಿಯುವವರೆಗೂ ಒಳಗಿರುತ್ತಿದ್ದ. ನ್ಯಾಯಾಧೀಶರು ತಾವಾಗಿ ಅದನ್ನು ಗಮನಿಸಿ ಶಿಕ್ಷೆ ತಗ್ಗಿಸದಿದ್ದರೆ, ತೀರ್ಪಿನ ದಿನದಿಂದ ಮತ್ತೆ ಮೊದಲಿನಿಂದ ಸೆರೆ ಅನುಭವಿಸುತ್ತಿದ್ದ. ಒಂದೇ ಅಪರಾಧಕ್ಕೆ ಹಣವುಳ್ಳವನಿಗೊಂದು ಶಿಕ್ಷೆ, ಇಲ್ಲದವನಿಗೊಂದು ಶಿಕ್ಷೆ ಎಂಬಂಥ ಈ ಅನ್ಯಾಯಕ್ಕೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆ ತಡೆ ಹಾಕಿತು. ಅದಕ್ಕಿಂತ ಮುಂಚೆಯೇ ಶಿಕ್ಷೆಯಾಗಿ ಇನ್ನೂ ಜೈಲಿನಲ್ಲಿದ್ದವರಿಗೂ ಈ ಪ್ರಯೋಜನ ಸಲ್ಲಬೇಕೆಂದು ಬೂಷೆ ಪಿಯರ್ ಆಂದ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಜಾ ಎಂಬುದು ನ್ಯಾಯಾಲಯದ ದಯೆಯಲ್ಲ, ಕೈದಿಯ ಹಕ್ಕು.

ಹೆಚ್ಚು ವಾದಕ್ಕೆ ಗುರಿಯಾದದ್ದು ಜೀವಾವಧಿ ಶಿಕ್ಷೆ. ಬದುಕಿರುವವರೆಗಿನ ಸೆರೆಗೆ ಅವಧಿಯೇ ಇಲ್ಲ, ಆದ್ದರಿಂದ ಕಳೆಯಲು ಬಾರದು ಎಂದು 1982ರ ಕರ್ತಾರ್ ಸಿಂಗ್ ತೀರ್ಪು ಹೇಳಿತ್ತು. 1985ರಲ್ಲಿ ಭಗೀರಥ ಪ್ರಕರಣದ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು. ಇದರ ಫಲ ಕಾಣುವುದು ಬಿಡುಗಡೆಯ ಪರಿಶೀಲನೆಯ ಹೊತ್ತಿನಲ್ಲಿ. ಕೆಲವು ಘೋರ ಅಪರಾಧಗಳಲ್ಲಿ ಕನಿಷ್ಠ 14 ವರ್ಷ ಜೈಲಿನಲ್ಲಿ ಇರಲೇಬೇಕು. ವಿಚಾರಣಾ ಬಂಧನವನ್ನು ಆ 14 ವರ್ಷದಲ್ಲಿ ಕಳೆಯಬೇಕೆಂದು 2005ರ ತಿದ್ದುಪಡಿ ಸ್ಪಷ್ಟಪಡಿಸಿತು.

ಎಣಿಕೆಗೆ ಬರುವುದು ಅದೇ ಪ್ರಕರಣದ ತನಿಖೆ ಮತ್ತು ವಿಚಾರಣೆಯ ಕಾಲದ ಬಂಧನ ಮಾತ್ರ. ಜಾಮೀನಿನ ಮೇಲೆ ಹೊರಗಿದ್ದ ದಿನಗಳು ಸೇರುವುದಿಲ್ಲ. ದಂಡ ಕಟ್ಟದ್ದಕ್ಕೆ ಅನುಭವಿಸುವ ಸೆರೆಗೂ ವಜಾ ಇಲ್ಲ. ಒಬ್ಬನು ಏಕಕಾಲದಲ್ಲಿ ಎರಡು ಪ್ರಕರಣಗಳಲ್ಲಿ ಬಂಧನದಲ್ಲಿದ್ದರೆ ಎರಡರಲ್ಲೂ ಆ ದಿನಗಳನ್ನು ಕಳೆಯಬಹುದೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಮಾನಿಸಿತು. ಸೇನಾ ನ್ಯಾಯಾಲಯದ ಶಿಕ್ಷೆಗಳಿಗೆ ಈ ಕಲಂ ಅನ್ವಯಿಸದೆಂದು 1987ರ ತೀರ್ಪು ಹೇಳಿದ್ದರಿಂದ, ಸೇನಾ ಕಾಯ್ದೆಗೇ 1992ರಲ್ಲಿ 169ಎ ಕಲಂ ಸೇರಿಸಬೇಕಾಯಿತು.

ಕರ್ನಾಟಕದಲ್ಲಿ ಈ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ತಮಿಳುನಾಡಿನ ರಾಜಕಾರಣಿ ವಿ.ಕೆ. ಶಶಿಕಲಾ ಅವರ ಬಿಡುಗಡೆಯಲ್ಲಿ. ನಾಲ್ಕು ವರ್ಷದ ಶಿಕ್ಷೆಗಾಗಿ 2017ರ ಫೆಬ್ರವರಿ 15ರಂದು ಪರಪ್ಪನ ಅಗ್ರಹಾರದ ಜೈಲು ಸೇರಿದ ಅವರು 2021ರ ಜನವರಿ 27ರಂದು ಬಿಡುಗಡೆಯಾದರು. ಹಿಂದೆ ಒಳಗೆ ಕಳೆದ ದಿನಗಳು ಎಣಿಕೆಗೆ ಬಂದಿದ್ದವು.

ಬಂಧನದ ದಿನಾಂಕಗಳು ನ್ಯಾಯಾಲಯದ ಕಾಗದಪತ್ರದಲ್ಲಿ ಸರಿಯಾಗಿ ನಮೂದಾಗುವುದು ಬಹಳ ಮುಖ್ಯ. ಅಲ್ಲಿ ತಪ್ಪಿದರೆ ಕೈದಿಯ ಬದುಕಿನ ಅಷ್ಟು ದಿನಗಳೇ ತಪ್ಪಿಹೋಗುತ್ತವೆ. ಪ್ರಶ್ನಿಸಲು ವಕೀಲರಿಲ್ಲದವನಿಗೆ ಅದು ತಿಳಿಯುವುದೂ ಇಲ್ಲ.

ಈ ಕಲಂ ತಲುಪದವರೂ ಇದ್ದಾರೆ. ನಿರಪರಾಧಿಯೆಂದು ಬಿಡುಗಡೆಯಾದವನಿಗೆ ಕಳೆಯಲು ಶಿಕ್ಷೆಯೇ ಇಲ್ಲ, ಹೋದ ವರ್ಷಗಳಿಗೆ ಇದರಲ್ಲಿ ಪರಿಹಾರವೂ ಇಲ್ಲ. 2022ರ ಕೊನೆಯಲ್ಲಿ ದೇಶದ ಕೈದಿಗಳಲ್ಲಿ ಶೇ. 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರಾಗಿದ್ದರು. ಅವರಿಗೆ ತೀರ್ಪಿಗೂ ಮುಂಚೆ ನೆರವಾಗಬೇಕಾದದ್ದು ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳನ್ನು ಬಿಟ್ಟು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರಿಗೆ ಜಾಮೀನು; ಹಿಂದೆಂದೂ ಶಿಕ್ಷೆಯಾಗದವರಿಗೆ ಮೂರನೆಯ ಒಂದು ಭಾಗ ಕಳೆದರೆ ಸಾಕು. ಆರೋಪಿಯ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೆ ಈ ಸೌಲಭ್ಯ ಸಿಗುವುದಿಲ್ಲ.