ಯುರೋಪಿಯನ್ ಬೌಲ್ (ಕಾರ್ಫ್‌ಬಾಲ್)

ಯುರೋಪಿಯನ್ ಬೌಲ್ ಎಂಬುದು ಯುರೋಪಿನ ರಾಷ್ಟ್ರೀಯ ಕಾರ್ಫ್‌ಬಾಲ್ ತಂಡಗಳಿಗಾಗಿ ನಡೆಸಲಾದ ಎರಡನೇ ಶ್ರೇಣಿಯ ಅಂತರರಾಷ್ಟ್ರೀಯ ಪಂದ್ಯಾವಳಿಯಾಗಿದೆ. ಶ್ರೇಣಿಯಲ್ಲಿ ಇದು ಯುರೋಪಿಯನ್ ಕಾರ್ಫ್‌ಬಾಲ್ ಚಾಂಪಿಯನ್‌ಷಿಪ್‌ನ ನಂತರದ ಸ್ಥಾನದಲ್ಲಿದೆ. ಮುಖ್ಯ ಚಾಂಪಿಯನ್‌ಷಿಪ್‌ನಲ್ಲಿ ಸ್ಥಾನ ಪಡೆಯದ ತಂಡಗಳು ಇದರಲ್ಲಿ ಆಡುತ್ತವೆ. ಈ ಶ್ರೇಣಿಯ ಸ್ಪರ್ಧೆಯನ್ನು ನಂತರದ ವರ್ಷಗಳಲ್ಲಿ ಬಿ-ಚಾಂಪಿಯನ್‌ಷಿಪ್ ಎಂಬ ಹೆಸರಿನಲ್ಲಿಯೂ ನಡೆಸಲಾಗಿದೆ. ಇದು ಅಂತರರಾಷ್ಟ್ರೀಯ ಕಾರ್ಫ್‌ಬಾಲ್ ಒಕ್ಕೂಟದ ವ್ಯಾಪ್ತಿಗೆ ಸೇರಿದೆ.

ಹಿನ್ನೆಲೆ

ಕಾರ್ಫ್‌ಬಾಲ್ ಆಟವನ್ನು 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಾಲಾ ಶಿಕ್ಷಕ ನಿಕೊ ಬ್ರೂಕ್‌ಹೈಸೆನ್ ರೂಪಿಸಿದರು. ಡಚ್ ಭಾಷೆಯಲ್ಲಿ 'ಕೊರ್ಫ್' ಎಂದರೆ ಬುಟ್ಟಿ. ಅಂತರರಾಷ್ಟ್ರೀಯ ಒಕ್ಕೂಟವು 1933ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಸ್ಥಾಪನೆಯಾಯಿತು. ಆಟವು ಮೊದಲು ಬೇರೂರಿದ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳು ಇತರ ದೇಶಗಳಿಗಿಂತ ಬಹಳ ಮುಂದಿದ್ದವು. 1978ರಲ್ಲಿ ಆರಂಭವಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2023ರವರೆಗೆ ನೆದರ್ಲೆಂಡ್ಸ್ ಹೊರತಾಗಿ ಪ್ರಶಸ್ತಿ ಗೆದ್ದ ಏಕೈಕ ದೇಶ ಬೆಲ್ಜಿಯಂ. ಆ ಗೆಲುವು 1991ರಲ್ಲಿ ದೊರೆಯಿತು. 1998ರಲ್ಲಿ ಆರಂಭವಾದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿಯೂ 2021ರವರೆಗಿನ ಎಲ್ಲ ಪ್ರಶಸ್ತಿಗಳು ನೆದರ್ಲೆಂಡ್ಸ್ ಪಾಲಾದವು.

ಹೊಸದಾಗಿ ಆಟವನ್ನು ಅಳವಡಿಸಿಕೊಂಡ ದೇಶಗಳು ಇಂತಹ ತಂಡಗಳನ್ನು ನೇರವಾಗಿ ಎದುರಿಸಿದಾಗ ಪಂದ್ಯಗಳು ಏಕಪಕ್ಷೀಯವಾಗುವುದು ಸಾಮಾನ್ಯ. ಸರಿಸಮಾನ ಸಾಮರ್ಥ್ಯದ ತಂಡಗಳು ಪರಸ್ಪರ ಸೆಣಸುವ ಅವಕಾಶವನ್ನು ಎರಡನೇ ಶ್ರೇಣಿಯ ಸ್ಪರ್ಧೆ ಒದಗಿಸುತ್ತದೆ.

ಸ್ವರೂಪ

ಕೆಲವು ಆವೃತ್ತಿಗಳಲ್ಲಿ ತಂಡಗಳನ್ನು ಪೂರ್ವ ಮತ್ತು ಪಶ್ಚಿಮ ಎಂಬ ಎರಡು ವಿಭಾಗಗಳಾಗಿ ವಿಂಗಡಿಸಲಾಗಿತ್ತು. ಉತ್ತಮ ಸ್ಥಾನ ಗಳಿಸಿದ ತಂಡಗಳಿಗೆ ಮುಖ್ಯ ಚಾಂಪಿಯನ್‌ಷಿಪ್‌ನ ಬಾಗಿಲು ತೆರೆಯುತ್ತದೆ. ಯುರೋಪಿಯನ್ ಚಾಂಪಿಯನ್‌ಷಿಪ್ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತಾ ಪಂದ್ಯಾವಳಿಯೂ ಆಗಿರುವುದರಿಂದ, ಕೆಳ ಶ್ರೇಣಿಯ ತಂಡವೊಂದು ಹಂತಹಂತವಾಗಿ ವಿಶ್ವಮಟ್ಟಕ್ಕೆ ಏರಲು ಇದು ಮೊದಲ ಮೆಟ್ಟಿಲಾಗಿದೆ. ಕಾರ್ಫ್‌ಬಾಲ್‌ನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್ ಪ್ರತ್ಯೇಕ ತಂಡಗಳಾಗಿ ಆಡುತ್ತವೆ. ಸ್ಪೇನ್‌ನ ಕ್ಯಾಟಲೋನಿಯಾ ಪ್ರದೇಶಕ್ಕೂ ತನ್ನದೇ ಆದ ತಂಡವಿದೆ.

ಆಟದ ನಿಯಮಗಳು

ಪ್ರತಿ ತಂಡದಲ್ಲಿ ನಾಲ್ವರು ಪುರುಷರು ಮತ್ತು ನಾಲ್ವರು ಮಹಿಳೆಯರು ಸೇರಿ ಎಂಟು ಆಟಗಾರರಿರುತ್ತಾರೆ. 40 ಮೀಟರ್ ಉದ್ದ ಮತ್ತು 20 ಮೀಟರ್ ಅಗಲದ ಅಂಕಣವನ್ನು ಎರಡು ವಲಯಗಳಾಗಿ ವಿಭಾಗಿಸಲಾಗುತ್ತದೆ. ಪ್ರತಿ ವಲಯದಲ್ಲಿ ತಂಡದ ಇಬ್ಬರು ಪುರುಷರು ಮತ್ತು ಇಬ್ಬರು ಮಹಿಳೆಯರು ಆಡುತ್ತಾರೆ. ಒಂದು ವಲಯದವರು ದಾಳಿ ನಡೆಸಿದರೆ ಮತ್ತೊಂದು ವಲಯದವರು ರಕ್ಷಣೆ ಮಾಡುತ್ತಾರೆ. ಎರಡು ಗೋಲುಗಳಾದ ನಂತರ ಆಟಗಾರರು ವಲಯ ಬದಲಿಸುವುದರಿಂದ ಎಲ್ಲರೂ ಎರಡೂ ಹೊಣೆಗಳನ್ನು ನಿರ್ವಹಿಸಬೇಕಾಗುತ್ತದೆ. ಬುಟ್ಟಿಯನ್ನು 3.5 ಮೀಟರ್ ಎತ್ತರದಲ್ಲಿ ಕಂಬಕ್ಕೆ ಅಳವಡಿಸಲಾಗುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿರುವಂತೆ ಅದರ ಹಿಂದೆ ಹಲಗೆ ಇರುವುದಿಲ್ಲ. ಚೆಂಡನ್ನು ಹಿಡಿದು ಓಡುವಂತಿಲ್ಲ, ಎದುರಾಳಿ ನಿಯಮಾನುಸಾರ ಅಡ್ಡಗಟ್ಟಿರುವಾಗ ಬುಟ್ಟಿಗೆ ಎಸೆಯುವಂತಿಲ್ಲ. ಪುರುಷರು ಪುರುಷರನ್ನು, ಮಹಿಳೆಯರು ಮಹಿಳೆಯರನ್ನು ಮಾತ್ರ ತಡೆಯಬಹುದು.

ಮಹತ್ವ

ಈ ನಿಯಮಗಳ ಕಾರಣ ಒಬ್ಬಿಬ್ಬರು ಪ್ರತಿಭಾವಂತರನ್ನು ನೆಚ್ಚಿ ತಂಡ ಕಟ್ಟಲಾಗದು. ಸಮಾನ ಸಂಖ್ಯೆಯಲ್ಲಿ ನುರಿತ ಪುರುಷರು ಮತ್ತು ಮಹಿಳೆಯರು ಬೇಕಾಗುತ್ತಾರೆ. ಕ್ಲಬ್‌ಗಳ ಸಂಖ್ಯೆ ಕಡಿಮೆ ಇರುವ ದೇಶಗಳಿಗೆ ಇದು ಸುಲಭವಲ್ಲ. ಅಂತಹ ದೇಶಗಳ ಆಟಗಾರರಿಗೆ ನಿಯಮಿತ ಅಂತರರಾಷ್ಟ್ರೀಯ ಅನುಭವವನ್ನೂ ತಲುಪಬಹುದಾದ ಗುರಿಯೊಂದನ್ನೂ ಒದಗಿಸುವುದೇ ಎರಡನೇ ಶ್ರೇಣಿಯ ಸ್ಪರ್ಧೆಯ ಪ್ರಮುಖ ಕೊಡುಗೆಯಾಗಿದೆ.