ಸ್ಪೈನಲ್ ಅರಿವಳಿಕೆ

ಬೆನ್ನುಹುರಿಯ ಸುತ್ತಲಿರುವ ದ್ರವಕ್ಕೆ ಮರಗಟ್ಟಿಸುವ ಔಷಧ ಸೇರಿಸಿ, ಪ್ರಜ್ಞೆ ತಪ್ಪಿಸದೆ ದೇಹದ ಕೆಳಭಾಗದ ನೋವನ್ನಷ್ಟೇ ಅಡಗಿಸುವ ವಿಧಾನ. ಸಿಸೇರಿಯನ್, ಹರ್ನಿಯಾ, ಪ್ರಾಸ್ಟೇಟ್, ಕಾಲಿನ ಮೂಳೆ ಮುಂತಾದ ಶಸ್ತ್ರಚಿಕಿತ್ಸೆಗಳಲ್ಲಿ ಬಳಕೆಯಲ್ಲಿದೆ. ಜರ್ಮನಿಯ ಕೀಲ್ ನಗರದಲ್ಲಿ 1898ರಲ್ಲಿ ಆಗಸ್ಟ್ ಬಿಯರ್ ಕೊಕೇನ್ ಬಳಸಿ ಇದನ್ನು ಶಸ್ತ್ರಚಿಕಿತ್ಸೆಗೆ ತಂದರು. ತಮ್ಮ ಬೆನ್ನಿಗೂ ಸೂಜಿ ಹಾಕಿಸಿಕೊಂಡ ಅವರು ದ್ರವ ಸೋರಿ ಹಲವು ದಿನ ತಲೆನೋವಿನಿಂದ ನರಳಿದರು.

ರೋಗಿ ಗದ್ದವನ್ನು ಎದೆಗೆ ಒತ್ತಿ, ಬೆನ್ನು ಬಾಗಿಸಿ ಕೂರುತ್ತಾರೆ. ತಿಳಿಯಾದ ದ್ರವ ಸೂಜಿಯ ಹಿಂಬದಿಯಲ್ಲಿ ತೊಟ್ಟಿಕ್ಕಿದರೆ ಸರಿಯಾದ ಜಾಗ ಸಿಕ್ಕಿತೆಂದು ಅರ್ಥ. ಎರಡು ಮೂರು ಮಿಲಿಲೀಟರ್ ಬ್ಯುಪಿವಕೇನ್ ಒಳಸೇರುತ್ತಲೇ ಪಾದ ಬೆಚ್ಚಗಾಗಿ, ಕಾಲು ಭಾರವಾಗುತ್ತದೆ. ಸ್ಪಿರಿಟ್ ಹತ್ತಿ ಸವರಿದರೂ ತಣ್ಣಗೆನಿಸದಿದ್ದರೆ ಮದ್ದು ಹಿಡಿದಿದೆ.

ಸೂಜಿಯಿಂದ ಬೆನ್ನುಹುರಿಗೇ ಪೆಟ್ಟಾದೀತು ಎಂಬ ಭಯ ಸಾಮಾನ್ಯ. ವಯಸ್ಕರಲ್ಲಿ ಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಸಿಸೇರಿಯನ್ ಆದ ಮೇಲೆ ವರ್ಷಗಟ್ಟಲೆ ಕಾಡುವ ಸೊಂಟನೋವನ್ನು ಈ ಇಂಜೆಕ್ಷನ್ ತಲೆಗೆ ಕಟ್ಟುವುದೂ ತಪ್ಪು. ಚುಚ್ಚಿದ ಜಾಗದ ನೋವು ಕೆಲವೇ ದಿನಗಳದ್ದು. ಹೆರಿಗೆಯ ನಂತರದ ಸೊಂಟನೋವಿಗೆ ಗರ್ಭಾವಸ್ಥೆಯ ಭಾರ, ಸಡಿಲಗೊಂಡ ಸಂದುಗಳು, ಮಗುವನ್ನು ಎತ್ತುವ ಭಂಗಿ ಕಾರಣವಾಗಬಲ್ಲವು.

ಗರ್ಭಿಣಿಗೆ ಇದರ ಲಾಭ ದೊಡ್ಡದು. ಪೂರ್ಣ ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗುವ ಅಪಾಯ, ಉಸಿರುನಾಳಕ್ಕೆ ನಳಿಕೆ ಹಾಕುವ ಕಷ್ಟ ಎರಡೂ ಇಲ್ಲಿ ಬಹುಮಟ್ಟಿಗೆ ತಪ್ಪುತ್ತವೆ. ಮಗುವಿಗೆ ತಲುಪುವ ಔಷಧ ಅತ್ಯಲ್ಪ. ತಾಯಿ ಅದರ ಮೊದಲ ಅಳು ಕೇಳಬಲ್ಲಳು. ಜೊತೆಗೆ ಅತಿ ಕಡಿಮೆ ಮಾರ್ಫಿನ್ ಸೇರಿಸಿದರೆ ಶಸ್ತ್ರಚಿಕಿತ್ಸೆಯ ನಂತರವೂ ಸುಮಾರು ಒಂದು ದಿನ ನೋವು ಹತೋಟಿಯಲ್ಲಿರುತ್ತದೆ. ತುರಿಕೆ, ವಾಕರಿಕೆ ಬರಬಹುದು, ಉಸಿರಾಟದ ಮೇಲೆ ನಿಗಾ ಬೇಕು. ಹೆರಿಗೆ ನೋವಿಗೆ ಎಪಿಡ್ಯೂರಲ್ ಹೆಚ್ಚು ಸೂಕ್ತ: ಬೆನ್ನಲ್ಲಿ ಉಳಿಸುವ ಸಣ್ಣ ನಳಿಕೆಯಿಂದ ಗಂಟೆಗಟ್ಟಲೆ ಔಷಧ ಕೊಡಬಹುದು.

ಅಪಾಯಗಳಲ್ಲಿ ಸಾಮಾನ್ಯವಾದದ್ದು ರಕ್ತದೊತ್ತಡದ ಕುಸಿತ. ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳೂ ಮರಗಟ್ಟುವುದೇ ಕಾರಣ. ಬಿಗಿ ಸಡಿಲವಾದಾಗ ತಲೆಸುತ್ತು, ವಾಕರಿಕೆ ಕಾಣಿಸುತ್ತವೆ. ಫೀನೈಲೆಫ್ರಿನ್‌ನಂಥ ಔಷಧದಿಂದ ಒತ್ತಡವನ್ನು ಸರಿಪಡಿಸುತ್ತಾರೆ. ಮೂತ್ರ ಕಟ್ಟುವುದೂ ಉಂಟು. ರಕ್ತಸ್ರಾವ, ಸೋಂಕು, ಶಾಶ್ವತ ನರಹಾನಿ ತೀರಾ ಅಪರೂಪ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ರಕ್ತ ಹೆಪ್ಪುಗಟ್ಟುವಲ್ಲಿ ತೊಂದರೆ ಇರುವವರು, ಚುಚ್ಚುವ ಜಾಗದಲ್ಲಿ ಸೋಂಕಿರುವವರು ಅದನ್ನು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಲೇಬೇಕು.

ಬಿಯರ್ ಅನುಭವಿಸಿದ ತಲೆನೋವು ಈಗಲೂ ಕೆಲವರಿಗೆ ಬರುತ್ತದೆ: ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಪೆನ್ಸಿಲ್ ತುದಿಯ ತೆಳು ಸೂಜಿಗಳಿಂದ ಇದು ಬಹಳ ಇಳಿದಿದೆ. ತೀವ್ರವಾಗಿ ಉಳಿದರೆ ರೋಗಿಯದೇ ರಕ್ತವನ್ನು ಎಪಿಡ್ಯೂರಲ್ ಜಾಗಕ್ಕೆ ಚುಚ್ಚಿ ಸೋರಿಕೆ ಮುಚ್ಚುತ್ತಾರೆ. ಮನೆಗೆ ಹೋದ ಮೇಲೆ ಇಂಥ ತಲೆನೋವು, ಜ್ವರದ ಜೊತೆ ಬೆನ್ನುನೋವು ಅಥವಾ ಕಾಲಿನ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಮರಳಬೇಕು.