ಕ್ರೂಸ್ ಹೋಗ್ಲಿಕ್ಕೆ ನಿಜವಾಗಿ ಎಷ್ಟು ಬೇಕು? ದಿನಕ್ಕೆ 160 ರೂಪಾಯಿ ಪಿಗ್ಮಿಯಿಂದ ಶುರುವಾಗುವ ಲೆಕ್ಕ

ಫರಂಗಿಪೇಟೆ: ಮೊಬೈಲ್ ತೆರೆದರೆ ಸಾಕು, "ಮೂರು ರಾತ್ರಿ ಹಡಗಿನಲ್ಲಿ, ಊಟ-ತಿಂಡಿ ಫ್ರೀ" ಎಂಬ ಜಾಹೀರಾತು ಬರುತ್ತದೆ. ಒಂದು ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಶಿಪ್ಪು ಅಂದರೆ ಕೆಲಸ. ಮಗ ಶಿಪ್ಪಿನಲ್ಲಿದ್ದಾನೆ ಅಂದರೆ ಅಡುಗೆಮನೆಯಲ್ಲೋ ಹೌಸ್‌ಕೀಪಿಂಗ್‌ನಲ್ಲೋ ದುಡಿಯುತ್ತಿದ್ದಾನೆ ಎಂದೇ ಅರ್ಥ. ಈಗ ಅದೇ ಶಿಪ್ಪಿಗೆ ಟಿಕೆಟ್ ಮಾಡಿ ಹೋಗಿ ಬರುವ ಮನೆಗಳೂ ಉಂಟು. ಒಮ್ಮೆ ಹೋದವರು ಮತ್ತೆ ಎರಡು ವರ್ಷದಲ್ಲಿ ಹೊರಡುವುದೂ ಉಂಟು. ಇವರೆಲ್ಲ ದೊಡ್ಡ ಸಾಹುಕಾರರು ಎಂದು ತಿಳಿಯಬೇಕಾಗಿಲ್ಲ. ದಿನಸಿ ಅಂಗಡಿ, ಮೊಬೈಲ್ ರಿಪೇರಿ, ನಾಲ್ಕು ಎಕರೆ ಅಡಿಕೆ ತೋಟ, ಗಲ್ಫ್ ಸಂಬಳ, ಇಷ್ಟರಲ್ಲೇ ನಡೆಯುವ ಸಂಸಾರಗಳು. ಸಾಲ ಮಾಡದೆ ಹೋಗುವವರು ಹಣ ಹೊಂದಿಸುವ ರೀತಿ ಒಂದು, ಹೋಗಿ ಬಂದು ಎರಡು ವರ್ಷ ಬಡ್ಡಿ ಕಟ್ಟುವವರ ರೀತಿ ಇನ್ನೊಂದು.

ಮೊದಲು ಹಡಗು ಎಲ್ಲಿಂದ ಎಂಬುದು. ಪಣಂಬೂರಿನ ನವಮಂಗಳೂರು ಬಂದರಿಗೆ ನವೆಂಬರ್‌ನಿಂದ ಮೇ ವರೆಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಕೋವಿಡ್ ನಂತರ ಮೊದಲು ಬಂದದ್ದು 2022ರ ನವೆಂಬರ್‌ನಲ್ಲಿ, ಎಂ.ಎಸ್. ಯುರೋಪಾ 2. ಮೂಡುಬಿದಿರೆ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಲು ಬಸ್ಸಿನಲ್ಲಿ ಬರುವ ಬಿಳಿ ಕೂದಲಿನ ವಿದೇಶಿಯರು ಇದರಲ್ಲೇ ಬಂದವರು. ಆದರೆ ಇವು ಹಗಲು ನಿಂತು ಸಂಜೆಗೆ ಹೊರಡುವ ಹಡಗುಗಳು. ಇಲ್ಲಿಯವರಿಗೆ ಹತ್ತಲಿಕ್ಕೆ ಅಲ್ಲ, ನೋಡಲಿಕ್ಕೆ ಮಾತ್ರ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಪರಾಲಿ ಎಂಬ ವೇಗದ ಹಡಗು ಮಂಗಳೂರು ಹಳೆ ಬಂದರಿಗೆ ಬಂದಾಗ ಜನರಿಗೆ ಆಸೆ ಹುಟ್ಟಿದ್ದು ಸುಳ್ಳಲ್ಲ. ಆದರೆ ಅದು ಪ್ರಯಾಣದ ಹಡಗು, ಕ್ರೂಸ್ ಅಲ್ಲ.

ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಮುಂಬೈಗೆ. 2021ರ ಸೆಪ್ಟೆಂಬರ್‌ನಲ್ಲಿ ಐಆರ್‌ಸಿಟಿಸಿ ಜೊತೆ ಸೇರಿ ಶುರುವಾದ ಕಾರ್ಡೇಲಿಯಾ ಕಂಪನಿಯ ಹಡಗು ಅಲ್ಲಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಓಡಿದೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಜೋರು, ಆಗ ಚೆನ್ನೈ ಕಡೆಗೆ ಹೋಗುತ್ತದೆ. 2023ರ ಜೂನ್‌ನಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೂ ಶುರುವಾಯಿತು. ಶ್ರೀಲಂಕಾ ಅಂದರೆ ಪಾಸ್‌ಪೋರ್ಟ್ ಬೇಕೇ ಬೇಕು.

ಈಗ ದುಡ್ಡಿನ ವಿಷಯ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಒಬ್ಬರ ರೇಟು. ಅದು ಕೂಡ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ, ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಆದರೆ, ವಾರದ ನಡುವೆ ಹೋದರೆ. ಅದೇ ಕ್ಯಾಬಿನ್‌ನ ಮೂರನೆಯ, ನಾಲ್ಕನೆಯ ಜನಕ್ಕೆ ಸಾಮಾನ್ಯವಾಗಿ ರೇಟು ಕಡಿಮೆ. ಒಬ್ಬರೇ ಹೋಗುವವರಿಗೆ ಮಾತ್ರ ಹೆಚ್ಚು ಬೀಳುತ್ತದೆ.

ಗಂಡ, ಹೆಂಡತಿ, ಎರಡು ಮಕ್ಕಳು ಇರುವ ಮನೆ ಎಂದು ಇಟ್ಟುಕೊಳ್ಳಿ. ಮೂರು ರಾತ್ರಿ. ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲಿಕ್ಕೆ ಹಿಡಿದ ಅಂದಾಜು, ಬುಕ್ ಮಾಡುವ ದಿನದ ರೇಟನ್ನು ಅಲ್ಲಿ ಹಾಕಿಕೊಳ್ಳಬೇಕು. ಜಾಹೀರಾತಿನಲ್ಲಿ ತಲೆಗೆ 18,000 ರೂಪಾಯಿ ಇದೆ. ಇಬ್ಬರಿಗೆ 36,000. ಮಕ್ಕಳಿಗೆ ತಲಾ 9,000 ಎಂದರೆ 18,000. ಅಲ್ಲಿಗೆ 54,000. ಇದರ ಮೇಲೆ ಪೋರ್ಟ್ ಚಾರ್ಜು, ಜಿಎಸ್‌ಟಿ, ಹಡಗಿನ ಸಿಬ್ಬಂದಿಗೆ ಸರ್ವಿಸ್ ಚಾರ್ಜು ಎಂದು 14,000. ಒಟ್ಟು 68,000. ಮಂಗಳೂರಿನಿಂದ ಮುಂಬೈಗೆ ಎಸಿ ತ್ರೀ ಟಯರ್‌ನಲ್ಲಿ ನಾಲ್ವರು ಹೋಗಿ ಬರಲು 13,000. ಮುಂಬೈನಲ್ಲಿ ಒಂದು ದಿನದ ರೂಮು, ಟ್ಯಾಕ್ಸಿ, ಊಟ 7,000. ಹಡಗಿನೊಳಗೆ ವೈಫೈ, ಫೋಟೊ, ದಡಕ್ಕೆ ಇಳಿದು ಸುತ್ತುವ ಟೂರು, ಐಸ್‌ಕ್ರೀಮು ಎಂದು 8,000. ಬಟ್ಟೆ, ಬ್ಯಾಗು 4,000. ಕೂಡಿಸಿ ನೋಡಿ, ಸರಿಯಾಗಿ ಒಂದು ಲಕ್ಷ.

18,000 ಎಂದು ಮನೆಯಲ್ಲಿ ಶುರುವಾದ ಮಾತು ಒಂದು ಲಕ್ಷಕ್ಕೆ ಬಂದು ನಿಲ್ಲುವುದು ಹೀಗೆ. ಇದರಲ್ಲಿ ಮೋಸ ಎಂತದೂ ಇಲ್ಲ, ಎಲ್ಲ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ಆದರೆ 72,000 ಕೊಟ್ಟು ಮುಗಿಯಿತು (18,000 ಗುಣಿಸು ನಾಲ್ಕು) ಎಂದುಕೊಂಡು ಹೊರಟವರು ಉಳಿದ ಹಣಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಅಂಗಡಿಯವರಿಗೆ ಇನ್ನೂ ಒಂದು ಖರ್ಚು ಉಂಟು, ಅದನ್ನು ಯಾರೂ ಬರೆಯುವುದಿಲ್ಲ. ರೈಲಿನ ದಿನ ಸೇರಿ ಆರು ದಿನ ಶಟರ್ ಎಳೆದರೆ ಆರು ದಿನದ ವ್ಯಾಪಾರ ಹೋಯಿತು. ಬಾಡಿಗೆ ನಿಲ್ಲುವುದಿಲ್ಲ. ಹಾಲು, ಬ್ರೆಡ್ಡಿನ ಗಿರಾಕಿ ಪಕ್ಕದ ಅಂಗಡಿಗೆ ಒಮ್ಮೆ ಹೋದರೆ ತಿರುಗಿ ಬರಬೇಕೆಂದಿಲ್ಲ.

ರೈಲಿನ ಬಗ್ಗೆ ಒಂದು ಮಾತು. ಕ್ರೂಸ್ ಹತ್ತುವ ಜಾಗ ಬಲ್ಲಾರ್ಡ್ ಪಿಯರ್, ಸಿಎಸ್‌ಎಂಟಿಗೆ ಹತ್ತಿರ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತದೆ, ಅಲ್ಲಿಂದ ಟ್ಯಾಕ್ಸಿ ಖರ್ಚು ಬೇರೆ. ಯಾವ ರೈಲಾದರೂ ಹಡಗು ಹೊರಡುವ ದಿನವೇ ತಲುಪುವ ಹಾಗೆ ಟಿಕೆಟ್ ಮಾಡಬಾರದು. ಕೊಂಕಣ ಹಳಿಯಲ್ಲಿ ರೈಲು ತಡವಾದರೆ ಹಡಗು ಕಾಯುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಹಿಂದಿನ ದಿನದ ರೂಮು ದುಂದು ಅಲ್ಲ.

ಈ ಒಂದು ಲಕ್ಷ ಎಲ್ಲಿಂದ? ಉತ್ತರ ಇದೇ ಜಿಲ್ಲೆಗಳಲ್ಲಿ ಹುಟ್ಟಿದ್ದು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನಾ ಮನೆ, ಅಂಗಡಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವುದು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಊರೂರಿನ ಸೊಸೈಟಿಗಳಲ್ಲಿ ಇವತ್ತೂ ನಡೆಯುತ್ತಿದೆ. ಸಂಜೆ ಹೊತ್ತಿಗೆ ಸಣ್ಣ ಮಿಷನ್ ಹಿಡಿದು ಅಂಗಡಿ ಅಂಗಡಿ ತಿರುಗುವವರನ್ನು ಫರಂಗಿಪೇಟೆಯಲ್ಲಿ ಗೊತ್ತಿಲ್ಲದವರು ಯಾರು?

ದಿನಕ್ಕೆ 160 ರೂಪಾಯಿ, ಭಾನುವಾರ ಬಿಟ್ಟು ತಿಂಗಳಿಗೆ 26 ದಿನ ಎಂದರೆ 4,160. 24 ತಿಂಗಳಿಗೆ 99,840. ಬಡ್ಡಿ ಸಿಕ್ಕಿದರೆ ಅದು ಮೇಲೆ. ದಿನದ ಲೆಕ್ಕದಲ್ಲಿ ಇದು ಇಬ್ಬರ ಸಂಜೆಯ ಚಾ-ತಿಂಡಿ, ಒಂದು ಪ್ಯಾಕೆಟ್ ಸಿಗರೇಟಿನ ಹತ್ತಿರದ ಹಣ. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಎನ್ನುವವರಲ್ಲಿ ಉಳಿಯುವುದು ಕಡಿಮೆ. ದಿನಾ ಬಂದು ಕೇಳುವವರು ಇದ್ದರೆ ಗಲ್ಲಾದಿಂದ ತನ್ನಿಂದ ತಾನೇ ಹೋಗುತ್ತದೆ. ಪದೇ ಪದೇ ಹೋಗುವ ಮನೆಯವರು ಮಾಡುವುದೂ ಇಷ್ಟೇ. ಟೂರಿಗೆಂದೇ ಬೇರೆ ಪಿಗ್ಮಿ ಪಾಸ್‌ಬುಕ್, ಅಂಗಡಿ ಮಾಲಿಗೆ ಕಟ್ಟುವ ಪಿಗ್ಮಿ ಬೇರೆ. ಎರಡನ್ನೂ ಒಂದೇ ಮಾಡಿದರೆ ಹಬ್ಬದ ಮಾಲು ತರುವಾಗ ಹಡಗಿನ ದುಡ್ಡು ಹೋಲ್‌ಸೇಲ್‌ನವರ ಕೈಗೆ ಹೋಗುತ್ತದೆ.

ಇಲ್ಲಿ ಎರಡು ಎಚ್ಚರ ಬೇಕು. ಅವಧಿ ಮುಗಿಯುವ ಮೊದಲು ಮುರಿದರೆ ಹೆಚ್ಚಿನ ಕಡೆ ಬಡ್ಡಿ ಸಿಗುವುದಿಲ್ಲ, ಏಜೆಂಟ್ ಕಮಿಷನ್ ಕಡಿತವೂ ಆಗಬಹುದು. ಎರಡನೆಯದು ದೊಡ್ಡದು. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕ್ ಆದರೂ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಉಂಟು. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಎಂದು ಇದೆಯೋ, ಸಂಘ ಎಂದು ಇದೆಯೋ ಓದಿಯೇ ದುಡ್ಡು ಕಟ್ಟಬೇಕು.

ಚಿಟ್ ಫಂಡ್ ಕಟ್ಟಿ ಹೋಗುವವರೂ ಬಹಳ. 20 ಜನ, ತಿಂಗಳಿಗೆ 5,000, 20 ತಿಂಗಳು ಎಂದರೆ ಒಂದು ಲಕ್ಷದ ಫಂಡ್. ಆತುರ ಇರುವವರು ಮೊದಲೇ ಕಡಿಮೆಗೆ ಹರಾಜು ಹಿಡಿಯುತ್ತಾರೆ, ಅವರು ಬಿಟ್ಟ ಹಣ ಉಳಿದವರಿಗೆ ಹಂಚಿ ಹೋಗುತ್ತದೆ. ಟೂರಿಗೆ ಕಟ್ಟುವವರು ಕೊನೆಯವರೆಗೆ ಕಾಯುವುದೇ ಲಾಭ. ಮಗಳ ಮದುವೆಗೆ ಆತುರ ಇರಬಹುದು, ಹಡಗಿಗೆ ಎಂತ ಆತುರ? 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಫಂಡ್ ನಡೆಸಲು ಸರ್ಕಾರದ ಅನುಮತಿ, ನೋಂದಣಿ ಬೇಕು. ನಡೆಸುವವರ ಕಮಿಷನ್ ಶೇ. 7 ಮೀರಬಾರದು, 2019ರ ತಿದ್ದುಪಡಿಗೆ ಮೊದಲು ಇದು ಶೇ. 5 ಇತ್ತು. ನೆರೆಕರೆಯವರು ಸೇರಿ ನಂಬಿಕೆಯ ಮೇಲೆ ನಡೆಸುವ ಫಂಡ್‌ನಲ್ಲಿ ಯಾರಾದರೂ ಕೈ ಎತ್ತಿದರೆ ಹಿಡಿದು ಕೇಳಲು ಕಾಗದ ಇರುವುದಿಲ್ಲ.

ಬೆಳ್ತಂಗಡಿ ಕಡೆಯ ತೋಟದವರ ಪಿಗ್ಮಿ ಅಟ್ಟದಲ್ಲಿ ಇರುತ್ತದೆ. ಇಷ್ಟು ಗೋಣಿ ಅಡಿಕೆ ಟೂರಿಗೆ ಎಂದು ಇಟ್ಟು, ಹೊಸತು ಹಳತಾಗಿ, ಡಬ್ಬಲ್ ಚೋಲ್ ಆದ ಮೇಲೆ ಕೊಡುವ ಕ್ರಮ. ರೇಟು ಏರಿದರೆ ಬಾಲ್ಕನಿ ಕ್ಯಾಬಿನ್, ಇಳಿದರೆ ಒಳಗಿನ ಕ್ಯಾಬಿನ್. ಆದರೆ ಹಳದಿ ರೋಗ, ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಮುಟ್ಟದೆ ಬೇರೆ ಖಾತೆಗೆ ಹಾಕುವ ಮನೆಗಳಿಗೆ ವರ್ಷಕ್ಕೆ 24,000. ಕಂತು ತಡವಾಗುವುದು ಇದ್ದದ್ದೇ, ಅದನ್ನು ನಂಬಿ ತಾರೀಕು ಹಾಕಿ ಟಿಕೆಟ್ ಮಾಡಬಾರದು. ಬೀಡಿ ಕಟ್ಟುವ ಮನೆಯಲ್ಲಿ ಬೋನಸ್ ಬಂದಾಗ ಮಾತ್ರ ಒಟ್ಟಿಗೆ ದುಡ್ಡು ಕಾಣುವುದು. ಅಂತಹ ಮನೆಗೆ ಒಂದು ಲಕ್ಷದ ಹಡಗು ಹೇಳುವುದು ಸರಿಯಲ್ಲ, ಅವರಿಗೆ ಬೇರೆ ದಾರಿ ಉಂಟು, ಕೆಳಗೆ ಬರುತ್ತದೆ.

ಇನ್ನು ಮಾಡಬಾರದ್ದು. ಚಿನ್ನ ಅಡವಿಟ್ಟು ಹೋಗುವುದು. ಒಂದು ಲಕ್ಷಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಎಂದರೆ ತಿಂಗಳಿಗೆ 1,000. ಎರಡು ವರ್ಷಕ್ಕೆ 24,000 ಬಡ್ಡಿಗೇ ಹೋಯಿತು, ಅಸಲು ಹಾಗೇ ಉಂಟು. ಅದೇ ಎರಡು ವರ್ಷದಲ್ಲಿ ಪಿಗ್ಮಿಯವರು ಮತ್ತೊಮ್ಮೆ ಹೋಗಿ ಬಂದಿರುತ್ತಾರೆ. ಸ್ವಸಹಾಯ ಗುಂಪಿನ ಸಾಲ ದನಕ್ಕೆ, ಬಾವಿಗೆ, ಹೊಲಿಗೆ ಮಿಷನ್‌ಗೆ ತೆಗೆದರೆ ಅದು ತಿರುಗಿ ದುಡಿಯುತ್ತದೆ. ಹಡಗಿಗೆ ತೆಗೆದರೆ ವಾರ ವಾರ ಕಂತು ಮಾತ್ರ ಉಳಿಯುತ್ತದೆ. "ನೋ ಕಾಸ್ಟ್ ಇಎಂಐ" ಎನ್ನುವುದಕ್ಕೂ ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರುತ್ತದೆ.

ಇದಕ್ಕಿಂತ ಕೆಟ್ಟದ್ದು ಲಕ್ಕಿ ಸ್ಕೀಮ್. ತಿಂಗಳಿಗೆ ಸಾವಿರ ಕಟ್ಟಿ, ಡ್ರಾದಲ್ಲಿ ಕಾರು, ಮನೆ, ಚಿನ್ನ, ಫಾರಿನ್ ಟೂರು, ಏನೂ ಬರದಿದ್ದರೆ ಕೊನೆಗೆ ಕಟ್ಟಿದ ಹಣದ ಸಾಮಾನು ಎಂಬ ಪಾಂಪ್ಲೆಟು ನೋಡದ ಅಂಗಡಿ ಇಲ್ಲ. ಜಿಲ್ಲೆಯಲ್ಲಿ ಇಂತಹ ಸ್ಕೀಮ್‌ಗಳು ಬಾಗಿಲು ಹಾಕಿ ಪೊಲೀಸ್ ಕೇಸು ಆದದ್ದು ಎಲ್ಲರಿಗೂ ಗೊತ್ತು. 1978ರ ಬಹುಮಾನ ಚಿಟ್ ನಿಷೇಧ ಕಾಯ್ದೆ ಇಂತಹ ಡ್ರಾ ಸ್ಕೀಮ್‌ಗಳನ್ನು ನಿಷೇಧಿಸಿದೆ, ಅನುಮತಿ ಇಲ್ಲದೆ ಜನರಿಂದ ಠೇವಣಿ ಎತ್ತುವುದರ ಮೇಲೆ 2019ರ ಇನ್ನೊಂದು ಕಾಯ್ದೆ ಉಂಟು. ಕಾಯ್ದೆ ಇದ್ದರೂ ಹೋದ ದುಡ್ಡು ಬರಲು ವರ್ಷಗಳು ಬೇಕು. ಅಂಗಡಿಯ ಕೌಂಟರಿನಲ್ಲಿ ಸ್ಕೀಮ್ ಕಾರ್ಡ್ ಇಟ್ಟು ಕಮಿಷನ್‌ಗೆ ಜನ ಸೇರಿಸಿದವರ ಪಾಡು ಇನ್ನೂ ಕಷ್ಟ. ಕಂಪನಿಯವರು ಓಡಿದ ಮೇಲೆ ಬಾಗಿಲಿಗೆ ಬಂದು ಕೇಳುವುದು ಇವರನ್ನೇ.

ಹಣ ಉಳಿಸುವ ದೊಡ್ಡ ಉಪಾಯ ತಾರೀಕು. ಏಪ್ರಿಲ್-ಮೇ ರಜೆ, ದಸರಾ, ಕ್ರಿಸ್‌ಮಸ್, ಹೊಸ ವರ್ಷಕ್ಕೆ ರೇಟು ಏರುತ್ತದೆ. ಮಕ್ಕಳ ಪರೀಕ್ಷೆ ಇಲ್ಲದ ಮನೆಯವರು ಫೆಬ್ರವರಿಯಲ್ಲಿ, ವಾರದ ನಡುವೆ ಹೋದರೆ ಅದೇ ಕ್ಯಾಬಿನ್ ಕಡಿಮೆಗೆ ಸಿಗುವ ಸಾಧ್ಯತೆ ಹೆಚ್ಚು. ಗಲ್ಫ್‌ನಿಂದ ರಜೆಗೆ ಬರುವವರಿಗೆ ಇದು ಕಷ್ಟ, ಅವರ ರಜೆ ಎಲ್ಲರ ರಜೆಯ ಹೊತ್ತಿಗೇ ಬೀಳುತ್ತದೆ. ತುಂಬಾ ಮುಂಚೆ ಪೂರ್ತಿ ಹಣ ಕಟ್ಟುವುದೂ ಬೇಡ. 2019ರಲ್ಲಿ ಮುಂಬೈಯಿಂದ ಜೋರಾಗಿ ಶುರುವಾದ ಜಲೇಶ್ ಕ್ರೂಸಸ್ 2020ರಲ್ಲೇ ಬಾಗಿಲು ಹಾಕಿತು.

ಎರಡು ದೊಡ್ಡ ಪ್ರಯಾಣದ ನಡುವೆ ಸಣ್ಣದೊಂದು ಇಟ್ಟುಕೊಳ್ಳುವವರು ಕೊಚ್ಚಿಗೆ ಹೋಗುತ್ತಾರೆ. ಕೇರಳ ಸರ್ಕಾರದ ಕೆಎಸ್‌ಐಎನ್‌ಸಿ ನಡೆಸುವ ನೆಫರ್ಟಿಟಿ 200 ಜನ ಹಿಡಿಸುವ ಹಡಗು, ಕೆಲವು ಗಂಟೆ ಸಮುದ್ರದಲ್ಲಿ ಸುತ್ತಿಸಿ ತರುತ್ತದೆ. ಇನ್ನೂ ಕಡಿಮೆಗೆ ಅದೇ ಸಂಸ್ಥೆಯ ಸಾಗರರಾಣಿ ಬೋಟ್ ಉಂಟು. ಮಂಗಳೂರಿನಿಂದ ರಾತ್ರಿ ರೈಲಿನ ಸ್ಲೀಪರ್‌ನಲ್ಲಿ ಹೋಗಿ, ಹಗಲು ಹಡಗು ನೋಡಿ, ರಾತ್ರಿ ರೈಲಿಗೆ ತಿರುಗಿದರೆ ರೂಮಿನ ಖರ್ಚಿಲ್ಲ, ಅಂಗಡಿ ಒಂದೇ ದಿನ ಬಂದ್. ಕೇರಳ ಕೆಎಸ್‌ಆರ್‌ಟಿಸಿಯ ಬಜೆಟ್ ಟೂರಿಸಂ ಸೆಲ್ ಬಸ್ಸು ಮತ್ತು ನೆಫರ್ಟಿಟಿ ಟಿಕೆಟ್ ಸೇರಿಸಿ ಪ್ಯಾಕೇಜ್ ಮಾಡಿದೆ. ಬೋನಸ್ ದುಡ್ಡಿನಲ್ಲಿ ಅಮ್ಮ, ಮಕ್ಕಳು ಸಮುದ್ರ ನೋಡಲು ಇದು ಸಾಕು.

ಕಾಗದ ಪತ್ರದ ವಿಷಯ ಚಿಕ್ಕದು. ದೇಶದೊಳಗಿನ ಹಡಗಿಗೆ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ, ಮಕ್ಕಳದ್ದೂ ಸೇರಿ. ಲಕ್ಷದ್ವೀಪಕ್ಕೆ ಸ್ವಂತ ಹೋಗುವುದಾದರೆ ಪ್ರವೇಶ ಪರವಾನಗಿ ಬೇಕು. ವಿದೇಶದ ಪ್ಯಾಕೇಜಿಗೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ, ದರ ಆಗಾಗ ಬದಲಾಗಿದೆ. ರಿಟರ್ನ್ ಹಾಕಿದರೆ ಅದನ್ನು ಹೊಂದಿಸಿಕೊಳ್ಳಬಹುದು, ಹಾಕದವರು ಆ ಹಣ ಮರೆತುಬಿಡುತ್ತಾರೆ. ಗರ್ಭಿಣಿಯರನ್ನು ಸುಮಾರು 24 ವಾರದ ನಂತರ ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ. ಅಲೆ ಜೋರಿದ್ದರೆ ದ್ವೀಪದಲ್ಲಿ ಇಳಿಸದೆ ಮುಂದೆ ಹೋಗುವ ಹಕ್ಕನ್ನು ಕಂಪನಿಗಳು ಷರತ್ತಿನಲ್ಲೇ ಬರೆದುಕೊಂಡಿರುತ್ತವೆ.

ಏಜೆಂಟ್ ಮೂಲಕ ಮಾಡುವವರು ಹಣವನ್ನು ಸಂಸ್ಥೆಯ ಖಾತೆಗೇ ಹಾಕಬೇಕು, ವ್ಯಕ್ತಿಯ ಯುಪಿಐಗೆ ಅಲ್ಲ. ಜಿಎಸ್‌ಟಿ ನಂಬರ್ ಇರುವ ಬಿಲ್ಲು, ಕ್ಯಾಬಿನ್ ವಿವರ, ಕ್ಯಾನ್ಸಲ್ ಮಾಡಿದರೆ ಎಷ್ಟು ದಿನ ಮೊದಲಾದರೆ ಎಷ್ಟು ವಾಪಸ್ ಎಂಬುದು ಬರಹದಲ್ಲಿ ಇರಬೇಕು. ವಂಚನೆ ಆದರೆ ಗ್ರಾಹಕ ಸಹಾಯವಾಣಿ 1915. ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ.